ಕಲ್ಲು ಓದುವ ವಿದ್ಯೆ: ಭೂವಿಜ್ಞಾನ ಪದವಿ ಯಾರಿಗೆ, ಏತಕ್ಕೆ?

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದೊಡನೆ ಪಾಲಕರ ದೃಷ್ಟಿ ಹರಿಯುವುದು ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಸೀಟುಗಳತ್ತ. ಅವು ಕೈತಪ್ಪಿದವರು ಬಿ.ಎಸ್ಸಿ. ಅರ್ಜಿ ನಮೂನೆಯನ್ನು ಕೈಗೆತ್ತಿಕೊಳ್ಳುತ್ತಾರೆ. ಅಲ್ಲಿಯೂ ಗಣಕ ವಿಜ್ಞಾನಕ್ಕೇ ಅಗ್ರಪೂಜೆ. ಅದೇ ಪಟ್ಟಿಯಲ್ಲಿ ಕೆಲವೇ ಕಾಲೇಜುಗಳಲ್ಲಿ ಕಾಣಿಸಿಕೊಳ್ಳುವ 'ಭೂವಿಜ್ಞಾನ' ಎಂಬ ಇನ್ನೊಂದು ವಿಷಯವೂ ಇದೆ. ಹಳೆಯ ತಲೆಮಾರಿನವರು ಇದನ್ನು ಭೂಗರ್ಭಶಾಸ್ತ್ರವೆಂದು ಕರೆಯುತ್ತಿದ್ದರು. ಹೊಸ ತಲೆಮಾರಿನ ಬಹುಮಂದಿ ಅದನ್ನು ಭೂಗೋಳವೆಂದೇ ತಿಳಿದು ಮುಂದೆ ಸಾಗುತ್ತಾರೆ.

ಎರಡೂ ಒಂದೇ ಅಲ್ಲ. ಬೆಟ್ಟ ಎಲ್ಲಿದೆ, ನದಿ ಯಾವ ದಿಕ್ಕಿಗೆ ಹರಿಯುತ್ತದೆ, ಜನ ಅಲ್ಲಿ ಹೇಗೆ ಬಾಳುತ್ತಾರೆ ಎಂಬುದು ಭೂಗೋಳದ ಪ್ರಶ್ನೆಗಳು. ಆ ಬೆಟ್ಟ ಯಾವ ಕಲ್ಲಿನದು, ಆ ಕಲ್ಲು ಎಂದು ಹುಟ್ಟಿತು, ಅದರ ಬಿರುಕಿನಲ್ಲಿ ನೀರಿದೆಯೇ, ಮುಂದಿನ ಮಳೆಗಾಲಕ್ಕೆ ಅದು ನಿಲ್ಲುವುದೇ ಎಂದು ಕೇಳುವುದು ಭೂವಿಜ್ಞಾನ. ಬತ್ತಿದ ಕೊಳವೆಬಾವಿಗಳ ಮತ್ತು ಕುಸಿಯುವ ಗುಡ್ಡಗಳ ಈ ರಾಜ್ಯದಲ್ಲಿ ಈ ಎರಡನೆಯ ಬಗೆಯ ಪ್ರಶ್ನೆಗಳಿಗೆ ಉತ್ತರಿಸಬಲ್ಲವರ ಅಗತ್ಯ ಹೆಚ್ಚುತ್ತಲೇ ಇದೆ. ಆದರೆ ಈ ವಿದ್ಯೆಯ ಬಗ್ಗೆ ವಿದ್ಯಾರ್ಥಿಗಳಿಗೆ ದೊರೆಯುವ ಮಾಹಿತಿ ಮಾತ್ರ ಅತ್ಯಲ್ಪ.

ಬಾಗಿಲಲ್ಲೇ ಪ್ರಯೋಗಶಾಲೆ

ಬೆಂಗಳೂರಿನ ಲಾಲ್‌ಬಾಗ್‌ಗೆ ಹೋದವರೆಲ್ಲ ಕೆಂಪೇಗೌಡರ ಗೋಪುರವಿರುವ ಬಂಡೆಯನ್ನು ಹತ್ತಿಯೇ ಇರುತ್ತಾರೆ. ಆ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಭೂಮಿಯ ಒಟ್ಟು ವಯಸ್ಸೇ ಸುಮಾರು 454 ಕೋಟಿ ವರ್ಷವೆಂಬುದನ್ನು ನೆನೆದರೆ ಇದರ ಹಿರಿತನ ಮನಗಾಣಬಹುದು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ ಎಂಬ ವಿಜ್ಞಾನಿ 1916ರಲ್ಲಿ ಈ ಬಗೆಯ ಪಟ್ಟೆಶಿಲೆಗೆ 'ಪೆನಿನ್ಸುಲಾರ್ ನೈಸ್' ಎಂಬ ಹೆಸರನ್ನಿತ್ತರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಲಾಲ್‌ಬಾಗ್ ಬಂಡೆಯನ್ನು 1975ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. ಫಲಕವೂ ಅಲ್ಲಿದೆ. ಅದನ್ನು ನಿಂತು ಓದುವವರಿಗಿಂತ ಅದರ ಮುಂದೆ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುವವರೇ ಹೆಚ್ಚು ಎಂಬುದು ಬೇರೆ ಮಾತು.

ಹಾಸನ ಜಿಲ್ಲೆಯ ಗೊರೂರಿನ ಬಳಿಯ ಶಿಲೆಗಳು ಇದಕ್ಕಿಂತಲೂ ಹಿರಿಯವು. ಅವುಗಳ ವಯಸ್ಸು ಸುಮಾರು 330 ಕೋಟಿ ವರ್ಷ. ಚಿತ್ರದುರ್ಗದ ಸಮೀಪದ ಮರಡಿಹಳ್ಳಿಯಲ್ಲಿ ತಲೆದಿಂಬುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಕಲ್ಲುಗಳಿವೆ. ಬಿಸಿ ಲಾವಾ ನೀರಿನೊಳಗೆ ಉಕ್ಕಿದಾಗ ಮಾತ್ರ ಈ ಆಕಾರ ಬರುತ್ತದೆ. ಅಂದರೆ ಇಂದು ಮಳೆಗಾಗಿ ಮುಗಿಲು ನೋಡುವ ಚಿತ್ರದುರ್ಗದ ನೆಲ ಒಂದಾನೊಂದು ಕಾಲದಲ್ಲಿ ಜಲಾವೃತವಾಗಿತ್ತು. ಮಲ್ಪೆಯಿಂದ ದೋಣಿಯಲ್ಲಿ ತಲುಪಬಹುದಾದ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭೂಭಾಗ ಭಾರತದಿಂದ ಬೇರ್ಪಟ್ಟ ಕಾಲದ ಜ್ವಾಲಾಮುಖಿಯ ಸಾಕ್ಷಿಗಳು. ಕೋಲಾರದ ಪೆದ್ದಪಲ್ಲಿಯೂ ಸ್ಮಾರಕಗಳ ಪಟ್ಟಿಯಲ್ಲಿದೆ.

ಸ್ಮಾರಕಗಳ ಮಾತು ಅಂತಿರಲಿ. ನಮ್ಮ ಇತಿಹಾಸವನ್ನೇ ಕಲ್ಲಿನ ಮೂಲಕ ಓದಲು ಸಾಧ್ಯವಿದೆ. ಬೇಲೂರು-ಹಳೇಬೀಡಿನ ಶಿಲ್ಪಿಗಳು ಕೂದಲೆಳೆಯ ಕುಸುರಿ ತೋರಲು ಸಾಧ್ಯವಾದದ್ದು ಮೃದುವಾದ ಬಳಪದ ಕಲ್ಲಿನಿಂದ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಲ್ಲಿರುವುದು ಮರಳುಗಲ್ಲು. ಹಂಪಿಯದು ಒರಟು ಕಣಶಿಲೆ. ವಿಜಯಪುರದ ಗೋಳಗುಮ್ಮಟಕ್ಕೆ ಕರಿಯ ಬಸಾಲ್ಟ್ ಒದಗಿತು. ಆ ಬಸಾಲ್ಟ್ ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಹರಿದ ಲಾವಾ. ಅದು ಕೊಳೆತು ಆದದ್ದೇ ಉತ್ತರ ಕರ್ನಾಟಕದ ಎರೆಮಣ್ಣು. ಕರಾವಳಿಯ ಮನೆಗಳ ಗೋಡೆಯಲ್ಲಿ ಕಾಣುವ ಮುರಕಲ್ಲು, ಹಳೆಯ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಸುಣ್ಣಕಲ್ಲು, ಮಕ್ಕಳು ಹೆಕ್ಕಿ ತರುವ ಕಾಗೆಬಂಗಾರ ಇವೆಲ್ಲವೂ ಪಠ್ಯದ ಮೊದಲ ವರ್ಷದಲ್ಲೇ ಹೊಸ ಹೆಸರಿನಲ್ಲಿ ಎದುರಾಗುತ್ತವೆ. ಜಗತ್ತಿನ ಭೂವಿಜ್ಞಾನಿಗಳ ಬಾಯಲ್ಲಿ 'ಧಾರವಾಡ' ಎಂಬುದು ಪೇಡಾ ಅಥವಾ ಸಂಗೀತದ ಊರಲ್ಲ. ಪುರಾತನ ಶಿಲಾ ಸಮೂಹವೊಂದರ ಹೆಸರು. ಆ ಹೆಸರಿತ್ತವರು ರಾಬರ್ಟ್ ಬ್ರೂಸ್ ಫೂಟ್. ಭಾರತದ ಶಿಲಾಯುಗದ ಆಯುಧವನ್ನು 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಗುರುತಿಸಿದವರೂ ಅವರೇ.

ಮೂರು ವರ್ಷದಲ್ಲಿ ಏನು ಕಲಿಯುತ್ತಾರೆ?

ಖನಿಜಶಾಸ್ತ್ರ, ಶಿಲಾಶಾಸ್ತ್ರ, ಪಳೆಯುಳಿಕೆಗಳ ಅಧ್ಯಯನ, ಪದರಗಳ ಕಾಲಾನುಕ್ರಮ, ಶಿಲೆಗಳ ಮಡಿಕೆ ಮತ್ತು ಸೀಳುಗಳನ್ನು ಕುರಿತ ರಚನಾ ಭೂವಿಜ್ಞಾನ, ಆರ್ಥಿಕ ಭೂವಿಜ್ಞಾನ, ಅಂತರ್ಜಲ. ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಕ್ರಮ ಬದಲಾಗಬಹುದು, ಹೂರಣ ಹೆಚ್ಚುಕಡಿಮೆ ಇದೇ. ರಾಜ್ಯದಲ್ಲಿ 2021-22ರಲ್ಲಿ ಜಾರಿಗೆ ಬಂದಿದ್ದ ನಾಲ್ಕು ವರ್ಷಗಳ ಪದವಿ ಕ್ರಮವನ್ನು ಕೈಬಿಟ್ಟು 2024-25ರಿಂದ ಮತ್ತೆ ಮೂರು ವರ್ಷಗಳ ಪದವಿಗೆ ಮರಳಲಾಗಿದೆ.

ಪ್ರಯೋಗಶಾಲೆಯ ಕೆಲಸ ಹೊಸಬರಿಗೆ ಅಚ್ಚರಿ ತರುವಂಥದು. ಕಲ್ಲಿನ ಚೂರೊಂದನ್ನು ಗಾಜಿಗೆ ಅಂಟಿಸಿ 0.03 ಮಿಲಿಮೀಟರ್ ದಪ್ಪಕ್ಕೆ ಬರುವವರೆಗೆ ಉಜ್ಜುತ್ತಾರೆ. ಆಗ ಕಲ್ಲು ಪಾರದರ್ಶಕವಾಗುತ್ತದೆ. ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದ ಕೆಳಗಿಟ್ಟು ತಿರುಗಿಸಿದರೆ ಬರಿಗಣ್ಣಿಗೆ ಬೂದು ಬಣ್ಣವಾಗಿದ್ದ ಶಿಲೆ ನೀಲಿ, ಹಳದಿ, ಕೆನ್ನೇರಳೆಗಳ ರಂಗವಲ್ಲಿಯಾಗುತ್ತದೆ. ಪ್ರತಿ ಖನಿಜಕ್ಕೂ ಅದರದೇ ಆದ ಬಣ್ಣ ಮತ್ತು ಬೆಳಕು ಆರುವ ಕೋನ ಉಂಟು. ಅವುಗಳಿಂದಲೇ ಖನಿಜವನ್ನು ಗುರುತಿಸಲಾಗುತ್ತದೆ. ಇದು ಕೈ-ಕಣ್ಣುಗಳ ಪಳಗುವಿಕೆಯಿಂದ ಬರುವ ಕೌಶಲವೇ ಹೊರತು ಬಾಯಿಪಾಠದಿಂದ ಬರುವಂಥದಲ್ಲ.

300 ಕೋಟಿ ವರ್ಷವೆಂದು ಹೇಳಲು ಆಧಾರವೇನು ಎಂದು ಓದುಗರು ಕೇಳಬಹುದು. ಶಿಲೆಯಲ್ಲಿ ಜಿರ್ಕಾನ್ ಎಂಬ ಅತಿ ಸಣ್ಣ ಹರಳುಗಳಿರುತ್ತವೆ. ಹುಟ್ಟುವಾಗ ಅವು ಯುರೇನಿಯಂ ಅನ್ನು ಒಳಗೆ ಸೇರಿಸಿಕೊಳ್ಳುತ್ತವೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತವೆ. ಕಾಲಕ್ರಮದಲ್ಲಿ ಯುರೇನಿಯಂ ನಿಶ್ಚಿತ ವೇಗದಲ್ಲಿ ಸೀಸವಾಗಿ ಮಾರ್ಪಡುತ್ತದೆ. ಯುರೇನಿಯಂ-238 ಅರ್ಧದಷ್ಟಾಗಲು 447 ಕೋಟಿ ವರ್ಷ ಬೇಕು. ಹರಳಿನಲ್ಲಿ ಈಗ ಯುರೇನಿಯಂ ಎಷ್ಟು, ಸೀಸ ಎಷ್ಟು ಎಂದು ಅಳೆದರೆ ಗಡಿಯಾರ ಎಷ್ಟು ಹೊತ್ತು ಓಡಿದೆ ಎಂಬುದು ತಿಳಿಯುತ್ತದೆ. ಭೂವಿಜ್ಞಾನಕ್ಕೆ ರಸಾಯನಶಾಸ್ತ್ರ ಮತ್ತು ಗಣಿತ ಬೇಕೇ ಎಂದು ಕೇಳುವವರಿಗೆ ಇದೇ ಉತ್ತರ. ಲೆಕ್ಕಕ್ಕೆ ಹೆದರಿ ಈ ವಿಷಯಕ್ಕೆ ಬಂದವರು ಎರಡನೆಯ ವರ್ಷದಲ್ಲಿ ಪೇಚಿಗೆ ಸಿಲುಕುವುದು ಖಂಡಿತ.

ಆದರೆ ನಿಜವಾದ ತರಗತಿ ನಡೆಯುವುದು ಬಯಲಿನಲ್ಲಿ. ಸುತ್ತಿಗೆ, ದಿಕ್ಸೂಚಿ, 1:50,000 ಪ್ರಮಾಣದ ಸ್ಥಳಾಕೃತಿ ನಕ್ಷೆ, ಒಂದು ನೋಟ್‌ಬುಕ್ಕು ಇವಿಷ್ಟು ಸಾಮಗ್ರಿ. ಶಿಲಾಪದರ ಯಾವ ದಿಕ್ಕಿಗೆ ಚಾಚಿದೆ, ಎಷ್ಟು ಡಿಗ್ರಿ ಬಾಗಿದೆ ಎಂದು ಅಳೆದು ನಕ್ಷೆಯಲ್ಲಿ ಗುರುತಿಸಬೇಕು. ಅಲ್ಲೊಂದು ಇಲ್ಲೊಂದು ಇಣುಕುವ ಬಂಡೆಗಳನ್ನು ನೋಡಿ, ನಡುವೆ ಹೊಲದಡಿ ಅಡಗಿರುವುದೇನು ಎಂದು ಊಹಿಸಬೇಕು. ಈ ಊಹೆಯನ್ನು ಸಾಧಾರವಾಗಿ ಮಾಡುವುದೇ ಭೂವಿಜ್ಞಾನಿಯ ವೃತ್ತಿ. ಇದಕ್ಕಾಗಿ ದೇಶದ ನಾನಾ ಕಡೆಯಿಂದ ಜನ ಕರ್ನಾಟಕಕ್ಕೆ ಬರುತ್ತಾರೆ. ಸರ್ವೇಕ್ಷಣಾ ಸಂಸ್ಥೆಯ ಹೈದರಾಬಾದ್ ತರಬೇತಿ ಕೇಂದ್ರವು ಚಿತ್ರದುರ್ಗದಲ್ಲಿಯೇ ಕ್ಷೇತ್ರ ತರಬೇತಿಯ ಶಾಖೆಯನ್ನು ಹೊಂದಿದೆ. ನಮ್ಮ ವಿದ್ಯಾರ್ಥಿಗಳಿಗೆ ಒಂದೇ ಕೊರತೆ. ಇಲ್ಲಿನ ಶಿಲೆಗಳು ಚಿಪ್ಪು, ಶಂಖಗಳ ಪ್ರಾಣಿಗಳು ಹುಟ್ಟುವ ಮುಂಚಿನವಾದ್ದರಿಂದ ಕಣ್ಣಿಗೆ ಕಾಣುವ ಪಳೆಯುಳಿಕೆಗಳು ವಿರಳ. ಅವನ್ನು ನೋಡಲು ತಮಿಳುನಾಡಿನ ಅರಿಯಲೂರಿನಂಥ ಕಡೆಗೆ ಪ್ರವಾಸ ಹೋಗಬೇಕಾಗುತ್ತದೆ.

ತೆಂಗಿನಕಾಯಿ ಮತ್ತು ನಾಲ್ಕು ಕಂಬಿ

ರಾಜ್ಯದ ರೈತನಿಗೆ ಭೂವಿಜ್ಞಾನದ ಸಂಪರ್ಕ ಬರುವುದು ಕೊಳವೆಬಾವಿಯ ಹೊತ್ತಿನಲ್ಲಿ. ಆಗಲೂ ಅನೇಕ ಕಡೆ ಮೊದಲು ಕರೆ ಹೋಗುವುದು ಅಂಗೈಯಲ್ಲಿ ತೆಂಗಿನಕಾಯಿ ನಿಲ್ಲಿಸಿಕೊಂಡು ಹೊಲ ಸುತ್ತುವ ನೀರು ನೋಡುವವರಿಗೆ. ಕಾಯಿ ಎದ್ದು ನಿಂತಲ್ಲಿ ಕೊರೆಸುತ್ತಾರೆ. ನೀರು ಬಂದರೆ ಕಾಯಿಯ ಮಹಿಮೆ, ಬಾರದಿದ್ದರೆ ರೈತನ ಹಣೆಬರಹ. ಸಾಲ ಮಾತ್ರ ಎರಡೂ ಸಂದರ್ಭಗಳಲ್ಲಿ ಉಳಿಯುತ್ತದೆ.

ನೆಲದಡಿ ನದಿ ಹರಿಯುತ್ತಿದೆ ಎಂಬ ಕಲ್ಪನೆಯೇ ತಪ್ಪು. ದಕ್ಷಿಣ ಕರ್ನಾಟಕದ ಬಹುಭಾಗದಲ್ಲಿರುವುದು ಗಟ್ಟಿ ಶಿಲೆ. ಅದರ ಒಡಲಲ್ಲಿ ನೀರು ನಿಲ್ಲಲು ಮರಳಿನಲ್ಲಿರುವಂತೆ ರಂಧ್ರಗಳಿಲ್ಲ. ನೀರು ನಿಲ್ಲುವುದು ಎರಡೇ ಕಡೆ. ಒಂದು, ಮೇಲ್ಭಾಗದಲ್ಲಿ ಶಿಥಿಲಗೊಂಡು ಮಣ್ಣಿನಂತಾದ ಪದರ; ಹಳ್ಳಿಗಳ ತೆರೆದ ಬಾವಿಗಳಿಗೆ ತಲೆಮಾರುಗಳ ಕಾಲ ನೀರು ಕೊಟ್ಟದ್ದು ಇದು. ಇನ್ನೊಂದು, ಅದರ ಕೆಳಗಿನ ಗಟ್ಟಿ ಕಲ್ಲಿನ ಬಿರುಕುಗಳು. ಆಳಕ್ಕೆ ಹೋದಂತೆ ಮೇಲಿನ ಭಾರಕ್ಕೆ ಬಿರುಕುಗಳು ಬಿಗಿದುಕೊಳ್ಳುತ್ತವೆ, ಅವುಗಳ ಸಂಖ್ಯೆಯೂ ಇಳಿಯುತ್ತದೆ. ಸಾವಿರ ಅಡಿ ದಾಟಿಸಿದರೆ ಗಂಗೆ ಸಿಕ್ಕೇ ಸಿಗುತ್ತಾಳೆ ಎಂಬ ನಂಬಿಕೆಗೆ ಆಧಾರವಿಲ್ಲ. ಎರಡು ಹೊಲಗಳ ನಡುವೆ ನೆಲದಡಿ ಕರಿಕಲ್ಲಿನ ಗೋಡೆಯೊಂದು ಹಾದುಹೋಗಿದ್ದರೆ ಈ ಬದಿಯ ಬಾವಿ ತುಂಬಿರಬಹುದು, ಆ ಬದಿಯದು ಒಣಗಿರಬಹುದು. ಪಕ್ಕದ ಹೊಲದಲ್ಲಿ ಬಿದ್ದ ನೀರು ನಮ್ಮಲ್ಲೇಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಬಹಳ ಸಲ ಇಲ್ಲೇ ಅಡಗಿದೆ.

ಭೂವಿಜ್ಞಾನಿ ಮಾಡುವುದೇನು? ನೆಲಕ್ಕೆ ನಾಲ್ಕು ಕಬ್ಬಿಣದ ಕಂಬಿಗಳನ್ನು ಒಂದೇ ಸಾಲಿನಲ್ಲಿ ಊರಿ, ಹೊರಗಿನ ಎರಡರಿಂದ ವಿದ್ಯುತ್ ಹರಿಸಿ, ಒಳಗಿನ ಎರಡರ ನಡುವಿನ ವೋಲ್ಟೇಜನ್ನು ಅಳೆಯುತ್ತಾರೆ. ಕಂಬಿಗಳ ಅಂತರ ಹೆಚ್ಚಿಸಿದಷ್ಟೂ ಹೆಚ್ಚು ಆಳದ ಮಾಹಿತಿ ಸಿಗುತ್ತದೆ. ಒಣ ಗಟ್ಟಿ ಶಿಲೆ ವಿದ್ಯುತ್ತನ್ನು ತಡೆಯುತ್ತದೆ, ನೀರು ತುಂಬಿದ ಬಿರುಕು ಬಿಟ್ಟುಕೊಡುತ್ತದೆ. ಜೇಡಿಮಣ್ಣು ಕೂಡ ವಿದ್ಯುತ್ತನ್ನು ಬಿಟ್ಟುಕೊಡುವುದರಿಂದ ಯಂತ್ರದ ಅಂಕಿಯನ್ನಷ್ಟೇ ನಂಬಿದವರು ಏಮಾರುತ್ತಾರೆ. ಸುತ್ತಲಿನ ಬಂಡೆ, ಇಳಿಜಾರು, ಹಳೆಯ ಬಾವಿಗಳು ಇವನ್ನೆಲ್ಲ ಓದಿದವರು ಮಾತ್ರ ಅಂಕಿಯ ಅರ್ಥ ಹೇಳಬಲ್ಲರು. ಈ ವಿಧಾನವೂ ನೂರಕ್ಕೆ ನೂರು ಗೆಲ್ಲುವುದಿಲ್ಲ. ಆದರೆ ಸೋತಾಗ ಏಕೆ ಸೋತಿತೆಂದು ಹೇಳುತ್ತದೆ, ಮತ್ತು ಕೊರೆಯಲೇಬಾರದ ಜಾಗ ಯಾವುದೆಂದು ಮೊದಲೇ ತಿಳಿಸುತ್ತದೆ. ತೆಂಗಿನಕಾಯಿಯಿಂದ ಈ ಎರಡೂ ಆಗದು.

ಸಮಸ್ಯೆ ಒಬ್ಬ ರೈತನದಷ್ಟೇ ಅಲ್ಲ. ವರ್ಷಕ್ಕೆ ಇಂಗುವ ಬಳಕೆಯೋಗ್ಯ ನೀರಿಗಿಂತ ಹೆಚ್ಚು ಎತ್ತುವ ಪ್ರದೇಶವನ್ನು ಕೇಂದ್ರ ಅಂತರ್ಜಲ ಮಂಡಳಿಯು 'ಅತಿ ಬಳಕೆ' ವರ್ಗಕ್ಕೆ ಸೇರಿಸುತ್ತದೆ. ಕೋಲಾರ, ಚಿಕ್ಕಬಳ್ಳಾಪುರಗಳ ಹೆಸರು ಈ ಪಟ್ಟಿಯಲ್ಲಿ ವರ್ಷಗಳಿಂದ ಇದೆ. ಆಳದ ನೀರು ಕಲ್ಲಿನೊಡನೆ ಹೆಚ್ಚು ಕಾಲ ಇರುವುದರಿಂದ ಕಲ್ಲಿನ ಖನಿಜಗಳ ಫ್ಲೋರೈಡ್ ಅದರಲ್ಲಿ ಕರಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಹಲ್ಲು, ಮೂಳೆಗಳಿಗೆ ಹಾನಿ. ನಗರದವರು ಇದು ಹಳ್ಳಿಯ ಚಿಂತೆಯೆಂದು ಭಾವಿಸಿದ್ದರೆ 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬಡಾವಣೆಗಳು ಟ್ಯಾಂಕರಿಗೆ ಕಾದು ನಿಂತದ್ದನ್ನು ನೆನೆಯಬಹುದು.

ಗುಡ್ಡ ಜಾರಿದಾಗ

ಕೊಡಗು 2018ರ ಆಗಸ್ಟಿನಲ್ಲಿ ಗುಡ್ಡಗಳೊಡನೆ ಮನೆ, ಕಾಫಿತೋಟಗಳನ್ನು ಕಳೆದುಕೊಂಡಿತು. ಎರಡು ವರ್ಷಗಳ ಬಳಿಕ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು. ಅಂಕೋಲಾ ತಾಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಉರುಳಿ, ಮಣ್ಣು ಗಂಗಾವಳಿ ನದಿಯವರೆಗೆ ಹರಿದು, ಜನ ವಾಹನಗಳ ಸಮೇತ ಕಣ್ಮರೆಯಾದರು. ಎರಡೇ ವಾರಗಳಲ್ಲಿ, ಜುಲೈ 30ರಂದು, ನೆರೆಯ ವಯನಾಡಿನ ದುರಂತ.

ಪ್ರತಿ ಸಲವೂ 'ಭಾರಿ ಮಳೆಯಿಂದ' ಎಂಬ ಎರಡು ಪದಗಳಲ್ಲಿ ಕಾರಣ ಮುಗಿಯುತ್ತದೆ. ನಮ್ಮ ಪತ್ರಿಕಾ ವರದಿಗಳೂ ಇದಕ್ಕೆ ಹೊರತಲ್ಲ. ಪಶ್ಚಿಮ ಘಟ್ಟದಲ್ಲಿ ಭಾರಿ ಮಳೆ ಹೊಸತೇನಲ್ಲ. ಗಟ್ಟಿ ಶಿಲೆಯ ಮೇಲೆ ದಪ್ಪನೆಯ ಶಿಥಿಲ ಮಣ್ಣು ಕುಳಿತಿರುತ್ತದೆ. ಮಳೆನೀರು ಮಣ್ಣನ್ನು ದಾಟಿ ಶಿಲೆಯ ಮೇಲ್ಮೈಯಲ್ಲಿ ಸೇರಿಕೊಂಡಾಗ ಮಣ್ಣಿನ ಕಣಗಳ ನಡುವಿನ ನೀರಿನ ಒತ್ತಡ ಏರಿ, ಕಣಗಳ ಹಿಡಿತ ಸಡಿಲವಾಗುತ್ತದೆ. ಅಷ್ಟರಲ್ಲಿ ರಸ್ತೆಗೋ ಮನೆಗೋ ಗುಡ್ಡದ ಬುಡವನ್ನು ನೆಟ್ಟಗೆ ಕತ್ತರಿಸಿದ್ದರೆ ಆಧಾರವೇ ಹೋದಂತೆ. ಶಿಲೆಯ ಪದರ ರಸ್ತೆಯ ಕಡೆಗೆ ಬಾಗಿದೆಯೇ, ಗುಡ್ಡದೊಳಕ್ಕೆ ಬಾಗಿದೆಯೇ ಎಂಬ ಒಂದು ಅಳತೆ ಅಪಾಯದ ಲೆಕ್ಕವನ್ನು ಬದಲಿಸಬಲ್ಲದು. ಆ ಅಳತೆಯನ್ನು ಬಿ.ಎಸ್ಸಿ. ವಿದ್ಯಾರ್ಥಿ ಮೊದಲ ಕ್ಷೇತ್ರಪ್ರವಾಸದಲ್ಲೇ ಕಲಿಯುತ್ತಾನೆ. ಸರ್ವೇಕ್ಷಣಾ ಸಂಸ್ಥೆಯು 2014ರಿಂದ ದೇಶದ ಭೂಕುಸಿತ ಸಾಧ್ಯತೆಯ ಪ್ರದೇಶಗಳ ನಕ್ಷೆ ತಯಾರಿಸುವ ಕಾರ್ಯ ಕೈಗೊಂಡಿತು. ನಕ್ಷೆಯನ್ನು ತಾಲೂಕು ಮಟ್ಟದಲ್ಲಿ ಓದಿ, ಈ ತಿರುವಿನಲ್ಲಿ ಗುಡ್ಡ ಕಡಿಯಬೇಡಿ ಎಂದು ಹೇಳುವವರು ಯಾರು ಎಂಬುದು ಉಳಿದ ಪ್ರಶ್ನೆ.

ಎಲ್ಲಿ ಓದಬಹುದು, ಮುಂದೇನು?

ಪಿಯುಸಿ ಹಂತದಲ್ಲಿಯೂ ಭೂವಿಜ್ಞಾನ ಒಂದು ಐಚ್ಛಿಕ ವಿಷಯ. ಬೋಧಿಸುವ ಕಾಲೇಜುಗಳು ಮಾತ್ರ ಕಡಿಮೆ. ಪಿಯುಸಿಯಲ್ಲಿ ಓದದವರೂ ವಿಜ್ಞಾನ ವಿಭಾಗದಿಂದ ಬಂದಿದ್ದರೆ ಪದವಿಯಲ್ಲಿ ಇದನ್ನು ಆರಿಸಿಕೊಳ್ಳಬಹುದು. ಧಾರವಾಡದ ಕರ್ನಾಟಕ ವಿಜ್ಞಾನ ಕಾಲೇಜು, ಮೈಸೂರಿನ ಯುವರಾಜ ಕಾಲೇಜು ಹಳೆಯ ಹೆಸರುಗಳು. ಸ್ನಾತಕೋತ್ತರ ಶಿಕ್ಷಣಕ್ಕೆ ಮಾನಸಗಂಗೋತ್ರಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಬೆಂಗಳೂರಿನ ಜ್ಞಾನಭಾರತಿ ಇವೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಆನ್ವಯಿಕ ಭೂವಿಜ್ಞಾನ, ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಾಗರ ಭೂವಿಜ್ಞಾನ ಎಂಬ ವಿಶೇಷ ಶಾಖೆಗಳು ಬೆಳೆದಿವೆ. ರಾಜ್ಯದ ಹೊರಗೆ ಹೋಗಬಯಸುವವರು 'ಜಾಮ್' ಪರೀಕ್ಷೆ ಬರೆದು ಐಐಟಿಗಳಲ್ಲಿ ಎಂ.ಎಸ್ಸಿ. ಮಾಡಬಹುದು, ಖರಗಪುರ, ಮುಂಬಯಿ, ರೂರ್ಕಿ ಹಾಗೂ 1926ರಲ್ಲಿ ಗಣಿಶಾಲೆಯಾಗಿ ಆರಂಭವಾದ ಧನಬಾದ್ ಇವು ಪ್ರಮುಖ ಕೇಂದ್ರಗಳು.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಬರಿಯ ಬಿ.ಎಸ್ಸಿ.ಯಿಂದ ಭೂವಿಜ್ಞಾನಿಯ ಹುದ್ದೆ ಸಿಗುವುದು ಕಷ್ಟ. ಐದು ವರ್ಷಗಳ ಓದೆಂದೇ ಭಾವಿಸಿ ಬರುವುದು ಒಳಿತು. ಎಂ.ಎಸ್ಸಿ. ಮುಗಿಸಿದವರಿಗೆ ಕೇಂದ್ರ ಲೋಕಸೇವಾ ಆಯೋಗದ ಸಂಯುಕ್ತ ಭೂವಿಜ್ಞಾನಿ ಪರೀಕ್ಷೆ ದೊಡ್ಡ ಹೆಬ್ಬಾಗಿಲು. ಪೂರ್ವಭಾವಿ, ಮುಖ್ಯ, ಸಂದರ್ಶನ ಎಂಬ ಮೂರು ಹಂತಗಳಿವೆ. ಆಯ್ಕೆಯಾದವರು 1851ರಲ್ಲಿ ಸ್ಥಾಪನೆಯಾದ ಸರ್ವೇಕ್ಷಣಾ ಸಂಸ್ಥೆಗೆ ಅಥವಾ ಅಂತರ್ಜಲ ಮಂಡಳಿಗೆ ಸೇರುತ್ತಾರೆ. ರಾಜ್ಯದಲ್ಲಿ ಗಣಿ ಮತ್ತು ಭೂವಿಜ್ಞಾನ ಇಲಾಖೆ, ಅಂತರ್ಜಲ ನಿರ್ದೇಶನಾಲಯಗಳಿವೆ. ಆದರೆ ನೇಮಕಾತಿ ವರ್ಷವೂ ನಡೆಯುವುದಿಲ್ಲ; ಅದನ್ನೊಂದೇ ನೆಚ್ಚಿ ಕುಳಿತುಕೊಳ್ಳುವುದು ಜಾಣತನವಲ್ಲ.

ಗಣಿಗಾರಿಕೆಯ ನೌಕರಿ ಏರಿಳಿತದ್ದು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದಿದ್ದ ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಕುದುರೆಮುಖದಲ್ಲಿ 2005ರ ಕೊನೆಗೆ ಕೆಲಸ ನಿಂತಿತು. ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಹೇರಿದ ತಡೆಯಿಂದ ನೂರಾರು ತಾಂತ್ರಿಕರು ಬೇರೆಡೆ ನೋಡುವಂತಾಯಿತು. ರಾಯಚೂರಿನ ಹಟ್ಟಿ ಚಿನ್ನದ ಗಣಿ ಮುಂದುವರಿದಿದೆ. ಈಚೆಗೆ ಗಾಳಿ ಬ್ಯಾಟರಿ ಖನಿಜಗಳತ್ತ ತಿರುಗಿದೆ. ಕೇಂದ್ರ ಸರ್ಕಾರ 2023ರಲ್ಲಿ 30 ಖನಿಜಗಳನ್ನು ನಿರ್ಣಾಯಕವೆಂದು ಗುರುತಿಸಿತು. 2025ರ ಜನವರಿಯಲ್ಲಿ ಇದಕ್ಕಾಗಿಯೇ ರಾಷ್ಟ್ರೀಯ ಅಭಿಯಾನಕ್ಕೆ ಸಂಪುಟದ ಒಪ್ಪಿಗೆ ದೊರೆಯಿತು. ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ 1,600 ಟನ್ ಲಿಥಿಯಂ ಇರುವ ಅಂದಾಜನ್ನು 2021ರಲ್ಲಿ ಪ್ರಕಟಿಸಿದಾಗ ಮಂಡ್ಯಕ್ಕೆ ಬಂಗಾರದ ಕಾಲ ಬಂತೆಂಬ ಸುದ್ದಿ ಹರಡಿತು. ಅದು ಪ್ರಾಥಮಿಕ ಅನುಮಾನದ ಅಂಕಿ, ಗಣಿಯಲ್ಲ ಎಂಬ ವ್ಯತ್ಯಾಸವನ್ನು ವಿವರಿಸಲು ಕೂಡ ಭೂವಿಜ್ಞಾನ ಓದಿದವರೇ ಬೇಕಾಯಿತು.

ಖಾಸಗಿ ವಲಯದಲ್ಲಿ ಸುರಂಗ, ಅಣೆಕಟ್ಟು, ಹೆದ್ದಾರಿ ಯೋಜನೆಗಳು ಸ್ಥಿರವಾದ ಕೆಲಸ ನೀಡುತ್ತಿವೆ. 'ನಮ್ಮ ಮೆಟ್ರೊ'ದ ಸುರಂಗ ಕೊರೆಯುವ ಯಂತ್ರಗಳು ಗಟ್ಟಿ ಬಂಡೆ ಮತ್ತು ಸಡಿಲ ಮಣ್ಣು ಬೆರೆತ ನೆಲದಲ್ಲಿ ತಡವರಿಸಿದ್ದನ್ನು ಬೆಂಗಳೂರಿಗರು ಬಲ್ಲರು. ದೂರಸಂವೇದಿ ಮತ್ತು ಗಣಕ ನಕ್ಷೆಗಳ ತಂತ್ರಜ್ಞಾನ ಕಲಿತವರಿಗೆ ಬೇಡಿಕೆ ಹೆಚ್ಚು. ಹೆಣ್ಣುಮಕ್ಕಳಿಗೆ ಈ ಕ್ಷೇತ್ರ ಹೊಂದದು ಎಂಬ ಮಾತು ಈಗ ಹಳತಾಗಿದೆ. ಭೂಗತ ಗಣಿಗಳ ತಾಂತ್ರಿಕ, ಮೇಲ್ವಿಚಾರಣಾ ಹುದ್ದೆಗಳಲ್ಲಿ ಮಹಿಳೆಯರು ದುಡಿಯಲು ಇದ್ದ ಕಾನೂನಿನ ಅಡ್ಡಿಯನ್ನು 2019ರಲ್ಲಿ ಸಡಿಲಿಸಲಾಯಿತು.

ಕಾಲೇಜು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಶುಲ್ಕದ್ದಲ್ಲ, ವರ್ಷಕ್ಕೆ ಎಷ್ಟು ದಿನ ಕ್ಷೇತ್ರಾಧ್ಯಯನ ಎಂಬುದು. ಪ್ರವಾಸವೆಂದರೆ ಬಸ್ಸಿನಿಂದ ಇಳಿದು ನೋಡಿ ಹತ್ತುವುದೋ, ಒಂದೆಡೆ ನೆಲೆಸಿ ನಕ್ಷೆ ಬಿಡಿಸುವುದೋ ಎಂದು ಹಿರಿಯ ವಿದ್ಯಾರ್ಥಿಗಳನ್ನು ವಿಚಾರಿಸಬೇಕು. ಅವರ ಕ್ಷೇತ್ರ ನೋಟ್‌ಬುಕ್ ತೋರಿಸಲು ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಸೂಕ್ಷ್ಮದರ್ಶಕಗಳು ಎಷ್ಟಿವೆ, ಅವುಗಳಲ್ಲಿ ಎಷ್ಟು ಕೆಲಸ ಮಾಡುತ್ತಿವೆ, ಕಾಯಂ ಅಧ್ಯಾಪಕರು ಎಷ್ಟು ಮಂದಿ ಎಂಬುದನ್ನೂ ನೋಡಬೇಕು. ಪ್ರವಾಸದ ಖರ್ಚು ಸಾಮಾನ್ಯವಾಗಿ ಶುಲ್ಕದ ಪಟ್ಟಿಯಲ್ಲಿ ಸೇರಿರುವುದಿಲ್ಲ. ಅದನ್ನು ಮೊದಲೇ ತಿಳಿದುಕೊಳ್ಳುವುದು ಲೇಸು. ಇನ್ನೂ ತೀರ್ಮಾನವಾಗದವರು ಬೆಂಗಳೂರಿನಲ್ಲಿ 1958ರಲ್ಲಿ ಸ್ಥಾಪನೆಯಾದ ಭಾರತೀಯ ಭೂವೈಜ್ಞಾನಿಕ ಸಂಘದ ಪ್ರಕಟಣೆಗಳನ್ನು ನೋಡಬಹುದು. ಅದನ್ನು ಕಟ್ಟಿ ಬೆಳೆಸಿದ ಬಿ.ಪಿ. ರಾಧಾಕೃಷ್ಣ ಅವರು ಮೈಸೂರು ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿದ್ದವರು. 2012ರಲ್ಲಿ ನಿಧನರಾದ ಅವರು ಆರ್. ವೈದ್ಯನಾಥನ್ ಅವರೊಡನೆ ಬರೆದ ಕರ್ನಾಟಕದ ಭೂವಿಜ್ಞಾನ ಕುರಿತ ಇಂಗ್ಲಿಷ್ ಗ್ರಂಥವನ್ನು ವಿಭಾಗದ ಗ್ರಂಥಾಲಯದಲ್ಲಿ ಕೇಳಿ ಪಡೆಯಬಹುದು.